ಒಬ್ಬರಿಗೋಸ್ಕರ ನಿಯಮ ಸಡಿಲಿಸಬಹುದಾ? ಪೊಲೀಸ್ ಮುಂಬಡ್ತಿಯ ಒಳಗಿನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಮಾತನ್ನು ತಿದ್ದಲಾಗಿದೆ.)

ತುಮಕೂರಿಂದ ಮಾತಾಡ್ತಿದ್ದೀನಿ. ಹಿಂದೆ ಬಿ.ಎಚ್. ರೋಡಿನ ಹಾರ್ನ್ ಕೇಳಿಸಿದರೆ ಕ್ಷಮಿಸಿ, ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಬಸ್ಸು.

ಹೋದ ತಿಂಗಳು ಗುಬ್ಬಿಯಿಂದ ಒಂದು ವಾಯ್ಸ್ ಮೆಸೇಜ್ ಬಂತು. ಕಳಿಸಿದ್ದು ಒಬ್ಬ ಪೊಲೀಸ್ ಎಎಸ್‌ಐ ಅವರ ಮನೆಯವರು. ಅವರ ಮಾತನ್ನೇ ಸ್ವಲ್ಪ ಚಿಕ್ಕದು ಮಾಡಿ ಹೇಳ್ತೀನಿ: "ನಮ್ಮ ಯಜಮಾನ್ರು 1994ರಲ್ಲಿ ಡ್ಯೂಟಿಗೆ ಸೇರಿದ್ದು. ಇನ್ನು ಎರಡು ವರ್ಷಕ್ಕೆ ರಿಟೈರ್ಡ್. ಇವರಿಗಿಂತ ಹಿಂದೆ ಸೇರಿದವರು ಇಬ್ಬರು ಈಗ ಪಿಎಸ್‌ಐ ಸೀಟಲ್ಲಿ ಕೂತಿದ್ದಾರೆ. ಕೇಳಿದರೆ, ಸರ್ಕಾರ ಅವರಿಗೆ ಸ್ಪೆಷಲ್ ಆರ್ಡರ್ ಮಾಡಿದೆ ಅಂತಾರೆ. ಒಬ್ಬರಿಗೋಸ್ಕರ ರೂಲ್ಸ್ ಬದಲಾಯಿಸಬಹುದಾ ಅಣ್ಣ? ಬದಲಾಯಿಸಬಹುದು ಅನ್ನೋದಾದರೆ ನಮಗ್ಯಾಕೆ ಮಾಡಲ್ಲ?"

ಕೊನೆಯ ಪ್ರಶ್ನೆ ನನ್ನ ತಲೆಯಲ್ಲೇ ಉಳ್ಕೊಂಡಿತು. ಅದಕ್ಕೆ ಈ ಸಂಚಿಕೆ. ಅವರ ಹೆಸರು, ಠಾಣೆ ಯಾವುದೂ ಹೇಳಲ್ಲ. ಅವರ ಯಜಮಾನರಿಗೆ ಈ ಮೆಸೇಜ್ ಕಳಿಸಿದ್ದೇ ಆಗ ಗೊತ್ತಿರಲಿಲ್ಲ.

ನಾನು ಓದಿದ್ದು ಬಿಕಾಂ, ವಕೀಲ ಅಲ್ಲ. ಆದರೆ ಕುಣಿಗಲ್‌ನಲ್ಲಿರೋ ನಮ್ಮ ಸೋದರಮಾವ ಪೊಲೀಸ್ ಇಲಾಖೆಯಲ್ಲೇ ಇದ್ದು ನಿವೃತ್ತರಾದವರು. ಈಗ ಸಂಜೆ ಆದರೆ ಕೆರೆ ಏರಿ ಮೇಲೆ ವಾಕಿಂಗು, ಜೊತೆಗೆ ಇನ್ನು ನಾಲ್ಕು ಜನ ರಿಟೈರ್ಡ್ ಪೊಲೀಸರು. ಆ ಗುಂಪಿನ ಜೊತೆ ಎರಡು ಸಂಜೆ ನಡೆದೆ. ಆಮೇಲೆ ತೀರ್ಪುಗಳನ್ನು ಓದಿದೆ. ಈಗ ಹೇಳೋದು ಅವೆರಡೂ ಸೇರಿದ ಲೆಕ್ಕ.

ಮೊದಲು ಎರಡು ಪದ ಬೇರೆ ಮಾಡ್ಕೊಳ್ಳೋಣ: ಜ್ಯೇಷ್ಠತೆ ಮತ್ತು ಅರ್ಹತೆ. ಜ್ಯೇಷ್ಠತೆ ಅಂದರೆ ಸಾಲಿನಲ್ಲಿ ನಿಮ್ಮ ನಂಬರ್. ಬಿಕಾಂನಲ್ಲಿ ಸ್ಟಾಕ್ ಲೆಕ್ಕಕ್ಕೆ ಫಿಫೋ ಅಂತ ಓದ್ತೀವಲ್ಲ, ಮೊದಲು ಬಂದ ಸರಕು ಮೊದಲು ಹೋಗಬೇಕು ಅಂತ, ಹೆಚ್ಚುಕಮ್ಮಿ ಹಾಗೇ. ಅರ್ಹತೆ ಅಂದರೆ ಸಾಲಿನಲ್ಲಿ ನಿಲ್ಲೋಕೆ ಬೇಕಾದ ಚೀಟಿ: ಕೆಳಗಿನ ಹುದ್ದೆಯಲ್ಲಿ ಇಷ್ಟು ವರ್ಷ ಸೇವೆ ಆಗಿರಬೇಕು, ನಿಗದಿ ಮಾಡಿದ ಪರೀಕ್ಷೆ ಇದ್ದರೆ ಪಾಸಾಗಿರಬೇಕು, ಪ್ರೊಬೇಷನರಿ ಅವಧಿ ಸರಿಯಾಗಿ ಮುಗಿದಿರಬೇಕು, ಇಲಾಖಾ ವಿಚಾರಣೆ ತಲೆ ಮೇಲೆ ತೂಗಾಡ್ತಿರಬಾರದು. ಇದನ್ನೆಲ್ಲ ಹೇಳೋದು ವೃಂದ ಮತ್ತು ನೇಮಕಾತಿ ನಿಯಮಗಳು. ಆಫೀಸಿನವರು ಸಿ ಅಂಡ್ ಆರ್ ರೂಲ್ಸ್ ಅಂತಾರೆ. ಇಡೀ ರಾಜ್ಯದ ನೌಕರರಿಗೆ ಸಾಮಾನ್ಯವಾಗಿ ಅನ್ವಯಿಸೋಕೆ 1977ರ ಸಾಮಾನ್ಯ ನೇಮಕಾತಿ ನಿಯಮಗಳಿವೆ. ಜ್ಯೇಷ್ಠತೆಗೆ ಅದಕ್ಕಿಂತ ಹಳೇದು, 1957ರ ಜ್ಯೇಷ್ಠತಾ ನಿಯಮಗಳು.

ಇನ್ನೊಂದು ಮಾತು. ಮುಂಬಡ್ತಿ ಹಕ್ಕಲ್ಲ, ಮುಂಬಡ್ತಿಗೆ ಪರಿಗಣಿಸಲ್ಪಡೋದು ಹಕ್ಕು. ಸಂವಿಧಾನದ 16ನೇ ವಿಧಿಯಡಿ ಅದು ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. "ನನಗೆ ಕೊಡಿ" ಅನ್ನೋಕಾಗಲ್ಲ. "ನನ್ನ ಹೆಸರನ್ನೇ ನೋಡದೆ ಹಿಂದಿನವನಿಗೆ ಹೇಗೆ ಕೊಟ್ರಿ" ಅಂತ ಕೇಳಬಹುದು. ಗುಬ್ಬಿಯ ಅಕ್ಕನ ಪ್ರಶ್ನೆ ನಿಂತಿರೋದು ಇಲ್ಲೇ.

ಹೆಸರು ಬರೆದೇ ಮಾಡಿದ ನಿಯಮ

ಒಬ್ಬರಿಗೋಸ್ಕರ ನಿಯಮ ಮಾಡಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಆಗಿನ್ನೂ ಮೈಸೂರು ರಾಜ್ಯ. ಪೊಲೀಸ್ ಇಲಾಖೆಯದ್ದಲ್ಲ, ಕೋಲಾರದ ಚಿನ್ನದ ಗಣಿ ಪ್ರದೇಶದ ಊರಿಗಾಂನಲ್ಲಿದ್ದ ಗಣಿ ಶಾಲೆಯದ್ದು, ಸ್ಕೂಲ್ ಆಫ್ ಮೈನ್ಸ್. ಆದರೆ ಇವತ್ತಿಗೂ ಯಾವ ಇಲಾಖೆಯ ಬಡ್ತಿ ಕೇಸಿನಲ್ಲಾದರೂ ಈ ತೀರ್ಪಿನ ಹೆಸರು ಬರುತ್ತೆ.

ಆ ಶಾಲೆಯ ಪ್ರಾಂಶುಪಾಲರಾಗಿ ಡಾ. ಟಿ. ತಿಮ್ಮಯ್ಯ ಅನ್ನೋವರನ್ನು ಸ್ಥಳೀಯ ಅಭ್ಯರ್ಥಿಯಾಗಿ ನೇಮಿಸಿದ್ದರು. ಅಂದರೆ ಮಾಮೂಲಿ ನೇಮಕಾತಿ ದಾರಿಯಲ್ಲಿ ಬಂದವರಲ್ಲ. ಆಮೇಲೆ 1967ರಲ್ಲಿ ಸರ್ಕಾರ ಒಂದು ವಿಶೇಷ ನೇಮಕಾತಿ ನಿಯಮ ಹೊರಡಿಸಿತು. ಆ ನಿಯಮದ ಒಳಗೇ ಅವರ ಹೆಸರು, ಡಿಗ್ರಿ ಎಲ್ಲ ಇದೆ. ಬೇರೆ ನಿಯಮಗಳಲ್ಲಿ ಏನೇ ಹೇಳಿರಲಿ, ಇವರು 1958ರ ಫೆಬ್ರವರಿ 15ರಿಂದಲೇ ಕ್ರಮಬದ್ಧವಾಗಿ ನೇಮಕಗೊಂಡವರು ಅಂತ ಭಾವಿಸತಕ್ಕದ್ದು, ಅಂತ. ಅಂದರೆ 1967ರಲ್ಲಿ ಕೂತು ಒಂಬತ್ತು ವರ್ಷ ಹಿಂದಕ್ಕೆ ಸರಿ ಮಾಡಿದ್ದು.

ಅದೇ ಇಲಾಖೆಯ ಆರ್.ಎನ್. ನಂಜುಂಡಪ್ಪ ಇದನ್ನು ಕೋರ್ಟಿಗೆ ಒಯ್ದರು. ಸರ್ಕಾರದ ವಾದ ಸರಳ: ಸಂವಿಧಾನದ 309ನೇ ವಿಧಿಯಡಿ ನೇಮಕಾತಿ ನಿಯಮ ಮಾಡೋ ಅಧಿಕಾರ ನಮಗಿದೆ, ಮಾಡಿದ್ದೀವಿ. 1971ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಿಯಮ ಅಂದಮೇಲೆ ಅದು ಒಂದು ವರ್ಗಕ್ಕೆ, ಒಂದು ಹುದ್ದೆಗೆ ಇರಬೇಕು, ಒಬ್ಬ ವ್ಯಕ್ತಿಗೆ ಹೆಸರಿಟ್ಟು ಮಾಡಿದರೆ ಅದು 14 ಮತ್ತು 16ನೇ ವಿಧಿಯ ಸಮಾನತೆಗೆ ವಿರುದ್ಧ ಅಂತು. ಸಕ್ರಮ ಅನ್ನೋದು ನೇಮಕಾತಿಯ ಒಂದು ವಿಧಾನವೇ ಅಲ್ಲ ಅಂತಲೂ ಹೇಳಿತು. ವಿಧಾನದಲ್ಲಿ ಸಣ್ಣ ಲೋಪ ಆಗಿದ್ದರೆ ಸರಿ ಮಾಡಬಹುದು. ನೇಮಕವೇ ನಿಯಮಕ್ಕೆ ವಿರುದ್ಧವಾಗಿದ್ದರೆ ಅದನ್ನು ಕಾಗದದ ಮೇಲೆ ಸರಿ ಮಾಡೋಕಾಗಲ್ಲ.

ಮೂವತ್ತೈದು ವರ್ಷದ ನಂತರ, 2006ರ ಏಪ್ರಿಲ್ 10ರಂದು ಬಂದ ಉಮಾದೇವಿ ತೀರ್ಪು ಗೊತ್ತಿರುತ್ತೆ, ದಿನಗೂಲಿ ನೌಕರರ ಬಾಯಲ್ಲೆಲ್ಲ ಇರೋ ಹೆಸರು. ಅದೂ ಕರ್ನಾಟಕದ್ದೇ ಕೇಸು. ಅದರಲ್ಲೂ ನಂಜುಂಡಪ್ಪ ತೀರ್ಪಿನ ಮಾತು ಬರುತ್ತೆ.

ಇಲ್ಲಿ ಒಂದು ತಮಾಷೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇದಕ್ಕೆ ಪೂರಾ ಉಲ್ಟಾ ಪದ್ಧತಿ ಇದೆ. ಅಲ್ಲಿನ ಹಲವು ಊರುಗಳಲ್ಲಿ ಪೊಲೀಸ್ ಆಗೋಕೆ ಗರಿಷ್ಠ ವಯಸ್ಸು 32. ದಾಟಿದವರು ಸೇರಬೇಕು ಅಂದರೆ ಊರಿನ ಸಭೆ ಒಪ್ಪಿ ರಾಜ್ಯದ ಶಾಸನಸಭೆಗೆ ಅರ್ಜಿ ಕಳಿಸುತ್ತೆ. ಶಾಸನಸಭೆ ಇಂಥ ಊರಿನ ಇಂಥವರಿಗೆ ವಯೋಮಿತಿಯಿಂದ ವಿನಾಯಿತಿ ಅಂತ ಒಂದು ಕಾಯ್ದೆಯನ್ನೇ ಮಾಡುತ್ತೆ. ಒಬ್ಬರಿಗೆ ಒಂದು ಕಾಯ್ದೆ! ಅದು ನೇಮಕಾತಿಯ ವಯಸ್ಸಿನ ವಿಷಯ, ಬಡ್ತಿಯದ್ದಲ್ಲ, ಸರಿ. ಆದರೂ ಅಲ್ಲಿ ಹೆಸರು ಹಾಕಿ, ಎಲ್ಲರ ಮುಂದೆ ಮತ ಹಾಕಿ, ಪ್ರಕಟಿಸಿ ಮಾಡ್ತಾರೆ. ನಾನು ಇದನ್ನು ಮಾವನಿಗೆ ಹೇಳಿದೆ. ಅವರು ಅಂದಿದ್ದು ಇಷ್ಟೇ: "ಅಲ್ಲಿ ಒಂದೂರಿಗೆ ಎಷ್ಟು ಜನ ಪೊಲೀಸ್ ಇರ್ತಾರೋ? ಇಲ್ಲಿ ಹಂಗೆ ಶುರು ಮಾಡಿದ್ರೆ ವಿಧಾನಸೌಧದಲ್ಲಿ ಬೇರೆ ಕೆಲಸನೇ ನಡೆಯಲ್ಲ."

ಹಾಗಾದರೆ ಸಡಿಲಿಕೆ ಇಲ್ಲವೇ ಇಲ್ಲವಾ?

ಇದೆ. ಬೇರೆ ಬೇರೆ ರೂಪದಲ್ಲಿದೆ, ಜನ ಎಲ್ಲವನ್ನೂ "ಸ್ಪೆಷಲ್ ಆರ್ಡರ್" ಅಂತ ಒಂದೇ ಚೀಲಕ್ಕೆ ತುಂಬ್ತಾರೆ.

ಒಂದು, ನಿಯಮದ ಒಳಗೇ ಬರೆದಿರೋ ಸಡಿಲಿಕೆ. ಹಲವು ಇಲಾಖೆಗಳ ಸಿ ಅಂಡ್ ಆರ್ ನಿಯಮದಲ್ಲಿ ಹೀಗಿರುತ್ತೆ: ಕೆಳಗಿನ ವೃಂದದಲ್ಲಿ ಐದು ವರ್ಷ ಸೇವೆ ಆಗಿರಬೇಕು, ಅಂಥವರು ಸಿಗದೇ ಇದ್ದರೆ ಮೂರು ವರ್ಷ ಆದವರನ್ನು ಪರಿಗಣಿಸಬಹುದು. ಇದರಲ್ಲಿ ಯಾರ ಹೆಸರೂ ಇಲ್ಲ. ಹುದ್ದೆ ಖಾಲಿ ಬೀಳಬಾರದು ಅಂತ ಮಾಡಿದ್ದು. ತಕರಾರು ಬರೋದು "ಸಿಗಲಿಲ್ಲ" ಅನ್ನೋದು ನಿಜವಾ ಅನ್ನೋದರ ಮೇಲೆ.

ಎರಡನೇದು ಕಷ್ಟದ ಸಡಿಲಿಕೆ. ಐಎಎಸ್, ಐಪಿಎಸ್ ಅಧಿಕಾರಿಗಳಿಗೆ 1960ರದ್ದೊಂದು ನಿಯಮ ಇದೆ. ಅದರ 3ನೇ ನಿಯಮದ ಪ್ರಕಾರ ಯಾವುದಾದರೂ ಸೇವಾ ನಿಯಮದಿಂದ ನಿರ್ದಿಷ್ಟ ಪ್ರಕರಣದಲ್ಲಿ ಅನಗತ್ಯ ಕಷ್ಟ ಆಗ್ತಿದೆ ಅಂತ ಕೇಂದ್ರ ಸರ್ಕಾರಕ್ಕೆ ಮನವರಿಕೆ ಆದರೆ ಆ ನಿಯಮವನ್ನು ಸಡಿಲಿಸಬಹುದು. ಇಷ್ಟು ಅಗಲವಾದ ಅಧಿಕಾರ ಮನಸೋ ಇಚ್ಛೆ ಬಳಕೆ ಆಗಲ್ವಾ ಅಂತ ಪ್ರಶ್ನೆ ಬಂತು. 1980ರ ಆರ್.ಆರ್. ವರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು. ನಿಯಮ ಎಷ್ಟು ಚೆನ್ನಾಗಿ ಬರೆದರೂ ಕೆಲವರಿಗೆ ಅನ್ಯಾಯ ಆಗೋ ಸಂದರ್ಭ ಬಂದೇ ಬರುತ್ತೆ, ಅದಕ್ಕೊಂದು ಕಿಟಕಿ ಬೇಕು ಅನ್ನೋದು ಇದರ ಹಿಂದಿನ ಯೋಚನೆ.

ಆ ಕಿಟಕಿಯಿಂದ ಎಷ್ಟು ದೊಡ್ಡ ಸಾಮಾನು ತೂರಿಸಬಹುದು? ಅದಕ್ಕೆ ಉತ್ತರ ಸಿಕ್ಕಿದ್ದು 1992ರಲ್ಲಿ, ಸೈಯದ್ ಖಾಲಿದ್ ರಿಜ್ವಿ ಪ್ರಕರಣದಲ್ಲಿ. ಇದು ಅಪ್ಪಟ ಪೊಲೀಸ್ ಕೇಸು. ಉತ್ತರ ಪ್ರದೇಶದ ರಾಜ್ಯ ಪೊಲೀಸ್ ಸೇವೆಯ ಅಧಿಕಾರಿಗಳು ವರ್ಷಗಟ್ಟಲೆ ಐಪಿಎಸ್‌ಗೆ ಮೀಸಲಾದ ಹುದ್ದೆಗಳಲ್ಲಿ ಪ್ರಭಾರ ಕೆಲಸ ಮಾಡಿದ್ದರು. ನಾವು ಆ ಹುದ್ದೆಯಲ್ಲಿ ಕೂತ ದಿನದಿಂದಲೇ ಜ್ಯೇಷ್ಠತೆ ಕೊಡಿ, ಆಯ್ಕೆ ಪಟ್ಟಿಯಲ್ಲಿ ಹೆಸರಿರಲಿಲ್ಲ ಅನ್ನೋ ಕೊರತೆಯನ್ನು ಸಡಿಲಿಸಲಾಗಿದೆ ಅಂತಲೇ ಭಾವಿಸಿ ಅಂತ ಕೇಳಿದರು. ಕೋರ್ಟ್ ಆಗಲ್ಲ ಅಂತು. ಕೊಟ್ಟ ಕಾರಣ ನೆನಪಿಡಬೇಕಾದ್ದು: ಸೇವಾ ಷರತ್ತು ಬೇರೆ, ನೇಮಕಾತಿ ಷರತ್ತು ಬೇರೆ. ಸೇವೆಯೊಳಗೆ ಬಂದ ಮೇಲಿನ ಕಷ್ಟಕ್ಕೆ ಸಡಿಲಿಕೆ ಕೊಡಬಹುದು. ಸೇವೆಯ ಬಾಗಿಲಿಗೇ ಇರೋ ಷರತ್ತನ್ನು ಸಡಿಲಿಸೋಕಾಗಲ್ಲ. ರಾಜ್ಯ ಸೇವೆಯಿಂದ ಐಪಿಎಸ್‌ಗೆ ಹೋಗೋದು ಬಡ್ತಿ ಥರ ಕಂಡರೂ ಕಾನೂನಿನ ಕಣ್ಣಲ್ಲಿ ಅದು ಹೊಸ ಸೇವೆಗೆ ನೇಮಕ. ಡಿವೈಎಸ್‌ಪಿಯಾಗಿ ಎಂಟು ವರ್ಷ ಆಗಿರಬೇಕು, ವಯಸ್ಸು ಮೊದಲು 54, ಆಮೇಲೆ 56 ದಾಟಿರಬಾರದು, ಆಯ್ಕೆ ಪಟ್ಟಿಯಲ್ಲಿ ಹೆಸರಿರಬೇಕು, ಇವೆಲ್ಲ ಬಾಗಿಲಿನ ಷರತ್ತುಗಳು.

ಮೂರನೇದು ಸಾಹಸಕ್ಕೆ, ಸಾಧನೆಗೆ ಕೊಡೋ ಸರದಿ ಮೀರಿದ ಬಡ್ತಿ. ನಮ್ಮ ಕಡೆ ಎಲ್ಲರಿಗೂ ನೆನಪಿರೋದು ವೀರಪ್ಪನ್. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಹತ್ತಿರ ಅವನು ಸತ್ತ ಮೇಲೆ, ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಜಯಲಲಿತಾ ತಮ್ಮ ವಿಶೇಷ ಕಾರ್ಯಪಡೆಯ 752 ಮಂದಿಗೂ ಒಂದು ಹಂತದ ಬಡ್ತಿ, ತಲಾ ಮೂರು ಲಕ್ಷ ರೂಪಾಯಿ, ಮನೆ ನಿವೇಶನ ಘೋಷಿಸಿದರು. ಗುಂಡು ಹಾರಿಸಿದ ನಾಲ್ಕು ಜನಕ್ಕಲ್ಲ, ಇಡೀ ಪಡೆಗೆ.

ದೆಹಲಿ ಪೊಲೀಸರಲ್ಲಿ ಇದಕ್ಕೆ ಬರೆದಿಟ್ಟ ನಿಯಮವೇ ಇದೆ, 1980ರ ಮುಂಬಡ್ತಿ ನಿಯಮಗಳ 19(2). ಅಸಾಧಾರಣ ಶೌರ್ಯ, ಕರ್ತವ್ಯನಿಷ್ಠೆಗೆ ಸರದಿ ಮೀರಿ ಬಡ್ತಿ ಕೊಡಬಹುದು, ಆದರೆ ಖಾಲಿ ಹುದ್ದೆಗಳಲ್ಲಿ ಇಂತಿಷ್ಟು ಶೇಕಡಾ ಮೀರಬಾರದು ಅಂತ ಮಿತಿ ಇದೆ. 2020ರ ನವೆಂಬರ್‌ನಲ್ಲಿ ಹೆಡ್ ಕಾನ್‌ಸ್ಟೇಬಲ್ ಸೀಮಾ ಢಾಕಾ ಮೂರು ತಿಂಗಳೊಳಗೆ ಕಾಣೆಯಾದ 76 ಮಕ್ಕಳನ್ನು ಪತ್ತೆ ಮಾಡಿ ಎಎಸ್‌ಐ ಆದರು. ಆ ವರ್ಷದ ಆಗಸ್ಟ್‌ನಲ್ಲೇ ಅಲ್ಲಿನ ಕಮಿಷನರ್, ವರ್ಷದಲ್ಲಿ 14ರ ಕೆಳಗಿನ 50 ಮಕ್ಕಳನ್ನು ಹುಡುಕಿದವರಿಗೆ ಬಡ್ತಿ ಅಂತ ಎಲ್ಲರಿಗೂ ಪ್ರಕಟಿಸಿದ್ದರು. ನನಗೆ ಈ ಉದಾಹರಣೆ ಇಷ್ಟ ಆಗೋದು ಇದಕ್ಕೇ. ಲಾಭ ಆಗಿದ್ದು ಒಬ್ಬರಿಗೆ, ಆದರೆ ಷರತ್ತು ಮೊದಲೇ ಗೋಡೆ ಮೇಲೆ ಅಂಟಿಸಿತ್ತು, ಬೇರೆ ಯಾರು ಬೇಕಾದರೂ ಪ್ರಯತ್ನ ಮಾಡಬಹುದಿತ್ತು.

ಕ್ರೀಡಾಪಟುಗಳದ್ದು ಇನ್ನೊಂದು ದಾರಿ. ಕ್ರಿಕೆಟಿಗ ಮೊಹಮ್ಮದ್ ಸಿರಾಜ್ 2024ರ ಅಕ್ಟೋಬರ್‌ನಲ್ಲಿ ತೆಲಂಗಾಣದಲ್ಲಿ ಡಿಎಸ್‌ಪಿ ಆದರು. ಆ ದರ್ಜೆಯ ಹುದ್ದೆಗೆ ಡಿಗ್ರಿ ಬೇಕು, ಅವರು ಓದಿದ್ದು ಹನ್ನೆರಡನೇ ತರಗತಿ. ಅಲ್ಲಿನ ಸರ್ಕಾರ ವಿದ್ಯಾರ್ಹತೆಯಲ್ಲಿ ವಿನಾಯಿತಿ ಕೊಟ್ಟೇ ಮಾಡಿದ್ದು. ವಾಕಿಂಗ್ ಗುಂಪಿನಲ್ಲಿ ಇದರ ಬಗ್ಗೆ ಅರ್ಧ ಗಂಟೆ ಜಗಳ ಆಯ್ತು. ಒಬ್ಬರು "ದೇಶಕ್ಕೆ ಆಡ್ದೋರಿಗೆ ಕೊಡ್ಲಿ ಬಿಡಪ್ಪ" ಅಂದರು. ಇನ್ನೊಬ್ಬರು ಮೂವತ್ತೆರಡು ವರ್ಷ ಕೆಲಸ ಮಾಡಿ ಎಎಸ್‌ಐ ಆಗಿ ಮನೆಗೆ ಹೋದವರು, ಏನೂ ಮಾತಾಡದೆ ಮುಂದೆ ನಡೆದುಬಿಟ್ಟರು.

ಗುಬ್ಬಿಯ ಕಾಗದ

ಇಷ್ಟು ಓದಿಕೊಂಡು ಆ ಅಕ್ಕನಿಗೆ ಫೋನ್ ಮಾಡಿದೆ. "ಆ ಇಬ್ಬರ ಆರ್ಡರ್ ಕಾಪಿ ಏನಾದ್ರೂ ಇದೆಯಾ ಅಕ್ಕ?" ಅಂದೆ. ಎರಡು ದಿನದ ಮೇಲೆ ಒಂದು ಫೋಟೋ ಬಂತು, ಮಸುಕು ಮಸುಕು. ಮಾವ ಕನ್ನಡಕ ಏರಿಸಿ, ಫೋಟೋ ದೊಡ್ಡದು ಮಾಡಿ ನೋಡಿ, ನಕ್ಕರು. "ಇದು ಬಡ್ತಿನೇ ಅಲ್ವಲ್ಲೋ. 32 ಇದು."

ಕರ್ನಾಟಕ ಸರ್ಕಾರಿ ನೌಕರರಿಗೆ ಈ 32 ಅನ್ನೋ ನಂಬರ್ ಚೆನ್ನಾಗಿ ಗೊತ್ತು. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ, ಅಂದರೆ ಕೆಸಿಎಸ್‌ಆರ್‌ನ 32ನೇ ನಿಯಮ. ಖಾಲಿ ಇರೋ ಮೇಲಿನ ಹುದ್ದೆಗೆ ಬಡ್ತಿ ಕೊಡೋ ಬದಲು ಕೆಳಗಿನವರೊಬ್ಬರನ್ನು ಆ ಹುದ್ದೆಯ ಕೆಲಸ ನೋಡ್ಕೊಳ್ಳೋಕೆ ಸ್ವತಂತ್ರ ಪ್ರಭಾರದಲ್ಲಿ ಇಡಬಹುದು. ಪ್ರಭಾರ ಭತ್ಯೆ ಬರಬಹುದು. ಆದರೆ ಹುದ್ದೆ ಅವರದ್ದಾಗಲ್ಲ, ಮೇಲಿನ ವೃಂದದಲ್ಲಿ ಜ್ಯೇಷ್ಠತೆ ಶುರುವಾಗಲ್ಲ, ನಾಳೆ ಯಾವಾಗ ಬೇಕಾದರೂ ವಾಪಸ್ ಕಳಿಸಬಹುದು. ತನ್ನ ಹುದ್ದೆಯ ಜೊತೆಗೇ ಇನ್ನೊಂದು ಹುದ್ದೆ ನೋಡ್ಕೊಳ್ಳೋದಾದರೆ ಅದು 68ನೇ ನಿಯಮ, ಹೆಚ್ಚುವರಿ ಪ್ರಭಾರ. ಎರಡರಲ್ಲೂ ಅರ್ಹತಾ ನಿಯಮ ಯಾರೂ ಸಡಿಲಿಸಿಲ್ಲ, ಯಾಕಂದರೆ ಬಡ್ತಿಯೇ ಆಗಿಲ್ಲ.

ನಾನು ಖುಷಿಯಿಂದ "ಹಾಗಾದ್ರೆ ಇದರಲ್ಲಿ ಅನ್ಯಾಯ ಏನೂ ಇಲ್ಲ" ಅಂದೆ. ಮಾವ ಒಪ್ಪಲಿಲ್ಲ. "ಕಾಗದದ ಮೇಲೆ ಇಲ್ಲ. ಆದರೆ ಸ್ಟೇಷನ್ನಲ್ಲಿ ಕೂತೋನಿಗೆ ಜನ ಸಾಹೇಬ್ರೇ ಅಂತಾರೆ, ಪಕ್ಕದ ಬೆಂಚಲ್ಲಿ ಅವನಿಗಿಂತ ಸೀನಿಯರ್ ಸೆಲ್ಯೂಟ್ ಹೊಡೀಬೇಕು. ಅದು ಎಷ್ಟು ವರ್ಷ? ಪ್ರಭಾರ ಅನ್ನೋದು ಹೊಸಬರು ಬರೋವರೆಗೆ ಅಂತ ಹೇಳ್ತಾರೆ, ಹೊಸಬರು ಬರೋದೇ ಇಲ್ಲ."

ಹೊಸಬರು ಬರದೇ ಇರೋದಕ್ಕೆ ಒಂದು ದೊಡ್ಡ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ಆಯ್ತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿದು ಮರುಪರೀಕ್ಷೆಗೆ ಹೇಳಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎರಡೂಕಾಲು ವರ್ಷ. ಅಷ್ಟು ದಿನ ಆ ಕುರ್ಚಿಗಳಲ್ಲಿ ಯಾರೋ ಒಬ್ಬರು ಕೂತು ಎಫ್‌ಐಆರ್ ಬರೀಲೇಬೇಕಲ್ಲ.

ಬಡ್ತಿ ಪಟ್ಟಿಗಳ ಕಥೆಯೂ ಹಾಗೇ. ಮೀಸಲಾತಿಯಡಿ ಬಡ್ತಿ ಪಡೆದವರ ಜ್ಯೇಷ್ಠತೆ ಬಗ್ಗೆ ರಾಜ್ಯದ 2002ರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2017ರ ಫೆಬ್ರವರಿಯಲ್ಲಿ ಬಿ.ಕೆ. ಪವಿತ್ರ ಪ್ರಕರಣದಲ್ಲಿ ರದ್ದು ಮಾಡಿತು. ಸರ್ಕಾರ ಹೊಸ ಕಾಯ್ದೆ ತಂತು, 2019ರ ಮೇನಲ್ಲಿ ಅದು ಊರ್ಜಿತ ಆಯ್ತು. ನಡುವಿನ ಎರಡು ವರ್ಷ ಎಲ್ಲ ಇಲಾಖೆಗಳಲ್ಲೂ ಪಟ್ಟಿ ತಿದ್ದೋದೇ ಕೆಲಸ. ಪಟ್ಟಿ ಗಟ್ಟಿ ಇಲ್ಲದಾಗ ಆಫೀಸಿಗೆ ಸುಲಭ ಕಾಣೋದು ಪ್ರಭಾರ.

ಇನ್ನು ಎರಡನೇ ವ್ಯಕ್ತಿ. ಇವರಿಗೆ ನಿಜವಾಗಿಯೂ ಬಡ್ತಿ ಆಗಿದೆ. ಅಕ್ಕನ ಪ್ರಕಾರ ಅವರು ಸೇರಿದ್ದು 1999ರಲ್ಲಿ, ಯಜಮಾನರಿಗಿಂತ ಐದು ವರ್ಷ ಹಿಂದೆ. ಇದು ಹೇಗೆ ಅಂತ ಮಾವನನ್ನು ಕೇಳಿದೆ. ಅವರು ನನ್ನನ್ನೇ ತಿರುಗಿ ಕೇಳಿದರು: "ಅವರ ಯಜಮಾನ್ರು ಮೊದಲಿಂದ ತುಮಕೂರು ಜಿಲ್ಲೆಯಲ್ಲೇ ಇದ್ರಾ, ಇಲ್ಲ ಬೇರೆ ಕಡೆಯಿಂದ ಬಂದ್ರಾ?"

ಮತ್ತೆ ಫೋನ್. ಅವರು ಸೇರಿದ್ದು ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ. ತಂದೆಗೆ ಪಾರ್ಶ್ವವಾಯು ಆಗಿ, ನೋಡಿಕೊಳ್ಳೋರಿಲ್ಲದೆ, 2004ರಲ್ಲಿ ಸ್ವಂತ ಕೋರಿಕೆ ಮೇಲೆ ತುಮಕೂರು ಜಿಲ್ಲೆಗೆ ಬಂದರು. ಉತ್ತರ ಇಲ್ಲೇ ಇತ್ತು.

ಕಾನ್‌ಸ್ಟೇಬಲ್ ಮಟ್ಟದಲ್ಲಿ ಜ್ಯೇಷ್ಠತೆ ಇಡೀ ರಾಜ್ಯಕ್ಕೆ ಒಂದಲ್ಲ, ಜಿಲ್ಲಾ ಘಟಕಕ್ಕೆ ಒಂದು. ಸರ್ಕಾರ ತನ್ನ ಅಗತ್ಯಕ್ಕೆ ವರ್ಗ ಮಾಡಿದರೆ ಜ್ಯೇಷ್ಠತೆ ಜೊತೆಗೆ ಬರುತ್ತೆ. ಸ್ವಂತ ಕೋರಿಕೆ ಮೇಲೆ ಬೇರೆ ಘಟಕಕ್ಕೆ ಹೋದರೆ, ಆ ದಿನ ಅಲ್ಲಿ ಆ ವೃಂದದಲ್ಲಿರೋ ಎಲ್ಲರ ಕೆಳಗೆ ನಿಲ್ಲಬೇಕು. 1957ರ ಜ್ಯೇಷ್ಠತಾ ನಿಯಮ ಹೇಳೋದು ಹಾಗೆ. ಪೊಲೀಸರು "16ಎ ವರ್ಗಾವಣೆ" ಅಂತಾರಲ್ಲ, 1977ರ ನಿಯಮಗಳ ಆ ಸೆಕ್ಷನ್ ಹೆಸರಲ್ಲಿ ಊರಿಗೆ ಬಂದವರೆಲ್ಲ ಕೊಟ್ಟ ಬೆಲೆ ಇದೇ. ಅಂದರೆ 1994ರಲ್ಲಿ ಸೇರಿದ ಇವರು ತುಮಕೂರಿನ ಪಟ್ಟಿಯಲ್ಲಿ 2004ರವರು. 1999ರಲ್ಲಿ ಇಲ್ಲೇ ಸೇರಿದವರು ಇವರಿಗಿಂತ ಸೀನಿಯರ್. ಯಾರಿಗೂ ಯಾವ ನಿಯಮವೂ ಸಡಿಲಾಗಿಲ್ಲ. ನಿಯಮ ಬಿಗಿಯಾಗಿ ಹಿಡಿದದ್ದರಿಂದಲೇ ಹೀಗಾಗಿದ್ದು.

ಇದನ್ನು ಆ ಅಕ್ಕನಿಗೆ ಹೇಳೋಕೆ ನನಗೆ ಒಂಥರಾ ಆಯ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ-ಮಾವನ್ನ ನೋಡ್ಕೊಳಕ್ಕೆ ಬಂದಿದ್ದು ಅಣ್ಣ, ಸುಮ್ನೆ ಬಂದಿದ್ದಲ್ಲ" ಅಂದರು. ಸಡಿಲಿಕೆ ಅನ್ನೋದು ಇರಬೇಕಾದ್ದು ಇಂಥ ಕಡೆ ಅಂತ ನನಗನ್ನಿಸುತ್ತೆ. ಆದರೆ ಅದೇ ಕಾರಣಕ್ಕೆ ಬಂದವರು ಜಿಲ್ಲೆಯಲ್ಲಿ ಇನ್ನೂ ಎಷ್ಟೋ ಜನ ಇರ್ತಾರೆ, ಒಬ್ಬರಿಗೆ ಕೊಟ್ಟರೆ ನಂಜುಂಡಪ್ಪ ತೀರ್ಪು ಎದುರಿಗೆ ಬರುತ್ತೆ. ಕೊಡೋದಾದರೆ ಇಂಥ ಕಾರಣಕ್ಕೆ ಬಂದ ಎಲ್ಲರಿಗೂ ಅಂತ ನಿಯಮ ಆಗಬೇಕು. ಹಾಗೆ ಆದರೆ 1999ರಿಂದ ಇಲ್ಲೇ ಕಾದವರು ಕೋರ್ಟಿಗೆ ಹೋಗ್ತಾರೆ, ಅವರದ್ದೂ ತಪ್ಪಲ್ಲ.

ಈಗ ಏನು ಮಾಡಬಹುದು

ಮೊದಲ ವ್ಯಕ್ತಿಯ ಪ್ರಭಾರದ ವಿಷಯದಲ್ಲಿ ಕೇಳೋಕೆ ಜಾಗ ಇದೆ. ಆತ ಪಟ್ಟಿಯಲ್ಲಿ ಇವರಿಗಿಂತ ಕೆಳಗಿದ್ದರೆ, ಮೇಲಿನವರನ್ನು ಬಿಟ್ಟು ಕೆಳಗಿನವರಿಗೆ ಪ್ರಭಾರ ಕೊಟ್ಟಿದ್ದಕ್ಕೆ ಕಾರಣ ಏನು ಅಂತ ಲಿಖಿತವಾಗಿ ಕೇಳಬಹುದು. ಅದಕ್ಕೆ ಮೊದಲು ಪಟ್ಟಿ ಕೈಗೆ ಬೇಕು. ಜ್ಯೇಷ್ಠತಾ ಪಟ್ಟಿ ಗುಟ್ಟಿನ ಕಾಗದ ಅಲ್ಲ. ತಾತ್ಕಾಲಿಕ ಪಟ್ಟಿ ಹೊರಡಿಸಿ, ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ ಪಟ್ಟಿ ಮಾಡೋದು ಪದ್ಧತಿ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು.

ಆಮೇಲೆ ಮನವಿ. ಬಹಳ ಜನ ತಪ್ಪು ಮಾಡೋದು ಇಲ್ಲಿ. ಮನವಿ ಕೊಟ್ಟು ಆರು ತಿಂಗಳು ಕಾದರೂ ಉತ್ತರ ಬರದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗಬೇಕು. ಅಂತಿಮ ಆದೇಶ ಬಂದಿದ್ದರೆ ಆ ದಿನದಿಂದ ಒಂದು ವರ್ಷ. 1985ರ ಕಾಯ್ದೆಯಲ್ಲಿ ಇರೋ ಗಡುವು ಇದು. ಮನವಿ ಮೇಲೆ ಮನವಿ ಕೊಡ್ತಾ ಹೋದರೆ ಗಡುವು ಮುಂದಕ್ಕೆ ಹೋಗಲ್ಲ. ಇನ್ನೊಂದು, ಯಾರ ಬಡ್ತಿ ಪ್ರಶ್ನಿಸ್ತೀರೋ ಅವರನ್ನೂ ಪಾರ್ಟಿ ಮಾಡಬೇಕು. ಅಂದರೆ ದಿನಾ ಜೊತೆಗೆ ಟೀ ಕುಡಿಯೋರ ಮನೆಗೆ ನೋಟಿಸ್ ಹೋಗುತ್ತೆ. ಎಷ್ಟೋ ಜನ ಸುಮ್ಮನಾಗೋದು ಇದಕ್ಕೇ ಅಂತ ಮಾವ ಹೇಳಿದರು.

ಶಿಫಾರಸು ಪತ್ರದ ಬಗ್ಗೆಯೂ ಒಂದು ಮಾತು. 2023ರಲ್ಲಿ ಕೊರಟಗೆರೆ ಶಾಸಕ ಡಾ. ಜಿ. ಪರಮೇಶ್ವರ ಅವರಿಗೆ ಗೃಹ ಖಾತೆ ಬಂದಮೇಲೆ, ನಮ್ಮ ಜಿಲ್ಲೆಯವರೇ ಮಂತ್ರಿ, ಒಂದು ಲೆಟರ್ ತಂದರೆ ಆಗಲ್ವಾ ಅನ್ನೋರು ಊರಿಗೆ ಹತ್ತು ಜನ ಸಿಗ್ತಾರೆ. ಸೇವಾ ವಿಷಯದಲ್ಲಿ ಹೊರಗಿನ ಪ್ರಭಾವ ತರೋದು ನಡತೆ ನಿಯಮಗಳ ಪ್ರಕಾರ ತಪ್ಪು. ಲೆಟರ್ ತಂದವರ ಮೇಲೆಯೇ ಕ್ರಮ ಆಗಬಹುದು.

ದುಡ್ಡಿನ ಲೆಕ್ಕ ಹೇಳದಿದ್ದರೆ ನನ್ನ ಬಿಕಾಂ ದಂಡ. ಇವರು 2006ರ ಏಪ್ರಿಲ್‌ಗೆ ಮೊದಲು ಸೇರಿದವರು, ಹಳೇ ಪಿಂಚಣಿ ಇದೆ, ಪೂರ್ಣ ಸೇವೆಗೆ ಕೊನೆಯ ಮೂಲ ವೇತನದ ಅರ್ಧ. ಬಡ್ತಿಯಿಂದ ಮೂಲ ವೇತನ ಮೂರು ಸಾವಿರ ಹೆಚ್ಚಾಗ್ತಿತ್ತು ಅಂತ ಇಟ್ಕೊಳ್ಳಿ, ಸುಮ್ಮನೆ ಉದಾಹರಣೆಗೆ. ಪಿಂಚಣಿಯಲ್ಲಿ ತಿಂಗಳಿಗೆ 1,500, ವರ್ಷಕ್ಕೆ 18,000, ಇಪ್ಪತ್ತು ವರ್ಷಕ್ಕೆ 3,60,000, ತುಟ್ಟಿಭತ್ಯೆ ಬಿಟ್ಟು. ಆದರೆ ಒಂದು ಸಮಾಧಾನ ಇದೆ. ಹತ್ತು ವರ್ಷಕ್ಕೆ ಕಾಲಮಿತಿ ಬಡ್ತಿ, ಹದಿನೈದಕ್ಕೆ ಹಿರಿಯ ವೇತನ ಶ್ರೇಣಿ, ಇಪ್ಪತ್ತು, ಇಪ್ಪತ್ತೈದು, ಮೂವತ್ತಕ್ಕೆ ಹೆಚ್ಚುವರಿ ವೇತನ ಬಡ್ತಿ ಅಂತ ಇರೋದರಿಂದ ಹಳಬರ ಸಂಬಳ ಮೇಲಿನ ಹುದ್ದೆಯ ಹತ್ತಿರಕ್ಕೆ ಬಂದಿರುತ್ತೆ. ನಿಜವಾದ ವ್ಯತ್ಯಾಸ ನಾನು ಹೇಳಿದ್ದಕ್ಕಿಂತ ಕಡಿಮೆ ಇರಬಹುದು. ಹೆಗಲ ಮೇಲಿನ ನಕ್ಷತ್ರಕ್ಕೆ ಮಾತ್ರ ಕಾಲಮಿತಿ ಇಲ್ಲ.

ಈ ಲೆಕ್ಕವನ್ನೂ ಅಕ್ಕನಿಗೆ ಕಳಿಸಿದೆ. ಮಾಹಿತಿ ಹಕ್ಕು ಅರ್ಜಿಯನ್ನು ಅವರೇ ತಮ್ಮ ಹೆಸರಲ್ಲಿ ಹಾಕಿ ಪಟ್ಟಿ ತರಿಸಿಕೊಂಡರು. ಪ್ರಭಾರದಲ್ಲಿ ಕೂತಿರೋರ ಹೆಸರು ಯಜಮಾನರಿಗಿಂತ ಎಂಟು ನಂಬರ್ ಕೆಳಗಿದೆ. ಮನವಿಯ ಕರಡನ್ನು ಮಾವ ಬರೆದುಕೊಟ್ಟಿದ್ದಾರೆ, ಒಂದೂವರೆ ಪುಟ, ಯಾರನ್ನೂ ಬೈದಿಲ್ಲ. ಮೊನ್ನೆ ಭಾನುವಾರ ಅಕ್ಕ ಮತ್ತೆ ವಾಯ್ಸ್ ಮೆಸೇಜ್ ಹಾಕಿದ್ದರು. ಕರಡನ್ನು ಯಜಮಾನರಿಗೆ ತೋರಿಸಿದ್ದಾರಂತೆ. ಅವರು ಎರಡು ಸಲ ಓದಿ, ಮಡಚಿ, ದೇವರ ಫೋಟೋ ಹಿಂದೆ ಇಟ್ಟಿದ್ದಾರಂತೆ. ಸಹಿ ಇನ್ನೂ ಹಾಕಿಲ್ಲ.